ಒಂಬತ್ತನೇ ವರ್ಗದ ಗದ್ದಲಕ್ಕೆ ಕಾರಣಗಳು

ಹೈಸ್ಕೂಲಿನಲ್ಲಿ ಕೆಲಸ ಮಾಡುವವರು ನಗು ಹುಡುಕಿಕೊಂಡು ಹೋಗಬೇಕಿಲ್ಲ; ಹಾಜರಿ ಕೂಗಿದರೆ ಸಾಕು, ತಾನೇ ಬರುತ್ತದೆ. ಸೊಲ್ಲಾಪುರದ ಒಂದು ಕನ್ನಡ ಸಾಲೆಯಲ್ಲಿ ನಾನು ಒಂಬತ್ತನೇ ವರ್ಗದ ಕ್ಲಾಸ್ ಟೀಚರ್. ಈ ವರ್ಷ ನನ್ನ ಹುಡುಗರ ಗದ್ದಲ ಹೆಡ್ ಸರ್ ಕೋಣೆಯವರೆಗೂ ಮುಟ್ಟಿತು. "ಮೇಡಂ, ಇವರು ಯಾಕ ಹಿಂಗ ಮಾಡ್ತಾರ, ಕಾರಣ ಹುಡುಕ್ರಿ. ದೀಪಾವಳಿ ಒಳಗ ಸುಧಾರಸಲಿಲ್ಲಂದ್ರ ವರ್ಗ ಬ್ಯಾರೆಯವರಿಗೆ ಕೊಡ್ತೀನಿ" ಅಂದರು. ಎಷ್ಟೇ ತಂಟೆಕೋರರಾದರೂ ಆ ಮಕ್ಕಳೆಂದರೆ ನನಗೆ ಜೀವ.

ಗಂಟಲು

ಒಬ್ಬ ಹುಡುಗಿ ಪಕ್ಕದವಳ ಹತ್ತಿರ ಪೆನ್ಸಿಲ್ ಕೇಳಿದರೂ ಇಡೀ ಸಾಲೆಗೆ ಕೇಳಿಸುತ್ತಿತ್ತು. ಇದು ಉದ್ಧಟತನವೇ ಎಂದು ಅವಳ ತಂದೆಯನ್ನು ಕರೆಸಿದೆ. ಮನೆಯಲ್ಲೇ ಪಾವರ್‌ಲೂಮ್ ಇಟ್ಟುಕೊಂಡು ಟವೆಲ್ ನೇಯುವ ಮನುಷ್ಯ. ಕೈಮುಗಿದು, "ನಾವ್ ಮನ್ಯಾಗ ಹಿಂಗ ಮಾತಾಡೋದ್ರಿ! ಲೂಮಿನ ಸಪ್ಪಳದಾಗ ಇಲ್ಲಂದ್ರ ಕೇಳಸಂಗಿಲ್ರಿ!" ಎಂದು ಒದರಿದರು. ಜಗಳ ಹತ್ತಿತೆಂದು ಸಾಲೆಯ ಸಿಪಾಯಿ ಓಡಿ ಬಂದ, ಅವನ ಹಿಂದೆ ಹೆಡ್ ಸರ್. ಅರ್ಧ ತಾಸು ಮಾತಾಡಿ ಹುಡುಗಿಯ ತಂದೆಯನ್ನು ಕಳಿಸಿ, ಹೆಡ್ ಸರ್‌ಗೆ ಕಾರಣ ವಿವರಿಸತೊಡಗಿದೆ. ಅವರು ಕಿವಿ ಮುಚ್ಚಿಕೊಂಡರು.

"ಮೇಡಂ, ನೀವ್ಯಾಕ ಒದರಾಕತ್ತೀರಿ? ಅವರು ಹೋಗ್ಯಾರ."

ಡಬ್ಬಿ

ಹಿಂದಿನ ಬೆಂಚಿನವರು ಪಾಠದ ನಡುವೆಯೇ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಡಬ್ಬಿ ಕಸಿದುಕೊಂಡು ಸ್ಟಾಫ್ ರೂಮಿನಲ್ಲಿ ಇಟ್ಟೆ. ಮಧ್ಯಾಹ್ನ ನೋಡಿದರೆ ಡಬ್ಬಿ ಖಾಲಿ. ಗಣಿತದ ಸರ್ ಬೆರಳು ನೆಕ್ಕುತ್ತಿದ್ದರು. ಮಕ್ಕಳಿಗೆ ನನ್ನ ಊಟ ಕೊಟ್ಟು ಸಮಾಧಾನ ಮಾಡಿದೆ. ಮರುದಿನ ಅದೇ ಸರ್ ನನ್ನ ವರ್ಗದ ಬಾಗಿಲಲ್ಲಿ ಇಣುಕಿ ಬಹಳ ಕಾಳಜಿಯಿಂದ ಕೇಳಿದರು:

"ಮೇಡಂ, ಇವತ್ತ ಯಾರೂ ತಪ್ಪು ಮಾಡಿಲ್ಲೇನ್ರಿ?"

ತರಬೇತಿ

ಕೊನೆಗೆ ಹೆಡ್ ಸರ್‌ಗೂ ನನಗೂ ಅಕ್ಕಲಕೋಟದಲ್ಲಿ ತರಬೇತಿ ಬಂತು. ವಿಷಯ, ವಿದ್ಯಾರ್ಥಿಗಳ ಅಶಿಸ್ತಿಗೆ ಕಾರಣಗಳು. ಬಂದ ಶಿಕ್ಷಕರೆಲ್ಲ ಹಿಂದಿನ ಬೆಂಚುಗಳನ್ನೇ ಹಿಡಿದರು. ಒಬ್ಬರು ಗೆಳೆಯನ ಹಾಜರಿಯನ್ನೂ ತಾವೇ ಕೂಗಿದರು. ಚಹಾಕ್ಕೆ ಹೋದ ಇಬ್ಬರು ತಿರುಗಿ ಬರಲೇ ಇಲ್ಲ. ನಮ್ಮ ಹೆಡ್ ಸರ್ ಬೆಂಚಿನ ಕೆಳಗೆ ಫೋನ್ ಹಿಡಿದು ಕ್ರಿಕೆಟ್ ನೋಡುತ್ತಿದ್ದರು. ವಿಕೆಟ್ ಬಿದ್ದಾಗ "ಅರೆರೆ!" ಎಂದು ಒದರಿಬಿಟ್ಟರು.

ತರಬೇತಿ ಕೊಡುತ್ತಿದ್ದ ಮೇಡಂ ಹೆಡ್ ಸರ್ ಮಗಳ ವಯಸ್ಸಿನವರು. ನೆಟ್ಟಗೆ ಬಂದು ಫೋನ್ ಇಸಿದುಕೊಂಡು, "ನಿಂತ್ಕೋರಿ ಸರ್" ಎಂದರು. ಹೆಡ್ ಸರ್ ನಿಂತರು. ಅಷ್ಟರಲ್ಲಿ ಫೋನ್ ರಿಂಗಾಯಿತು, ಪರದೆಯ ಮೇಲೆ ಅವರ ಹೆಂಡತಿಯ ಹೆಸರು. ಮೇಡಂ ಸ್ಪೀಕರ್ ಹಾಕಿ, "ನಮಸ್ಕಾರ್ರಿ. ನಿಮ್ಮ ಯಜಮಾನ್ರು ಕ್ಲಾಸಿನ್ಯಾಗ ಮ್ಯಾಚ್ ನೋಡಾಕತ್ತಿದ್ರು, ಫೋನ್ ಜಪ್ತ್ ಮಾಡೀನಿ" ಎಂದರು.

ಹೆಡ್ ಸರ್ ಹೆಂಡತಿ ಆ ಕಡೆಯಿಂದ ಹೇಳಿದರು: "ಭಾಳ ಛಲೋ ಮಾಡಿದ್ರಿ! ಮನ್ಯಾಗೂ ನಮ್ಮ ಮಾತು ಕೇಳಂಗಿಲ್ರಿ. ನಿಮ್ಮ ಕೈಯಾಗ ಕೊಟ್ಟೀವಿ, ಬೇಕಾದ್ರ ಎರಡು ಹಾಕ್ರಿ!"

ವಾಪಸ್ ಬರುವ ಬಸ್ಸಿನಲ್ಲಿ ಹೆಡ್ ಸರ್ ಕಿಟಕಿಯಾಚೆಯೇ ನೋಡುತ್ತಿದ್ದರು. ಸೊಲ್ಲಾಪುರ ಹತ್ತಿರ ಬಂದಾಗ ಮೆಲ್ಲಗೆ ಅಂದರು:

"ಮೇಡಂ, ಒಂಬತ್ತನೇ ವರ್ಗ ನಿಮ್ಮ ಕಡೇನೇ ಇರ್ಲಿ. ಹುಡುಗರಿಗೆ ಮಾತ್ರ ಏನೂ ಹೇಳಬ್ಯಾಡ್ರಿ."