ತಂದೆಯ ಕೈಬರಹದಲ್ಲಿ ದೊರೆತ ಎಕ್ಸ್ ಅನ್ನು ಮಾನ್ಯ ಮಾಡದಿರುವ ಕುರಿತು

ಭಾನುವಾರದ ಬೀಜಗಣಿತ ತರಗತಿ ನಿರ್ವಹಣಾ ಘಟಕ
ವಿಜಯಮ್ಮನವರ ಮನೆಯ ಮುಂದಿನ ಕೋಣೆ, ಲೋಧಿ ಕಾಲೋನಿ, ಹೊಸದಿಲ್ಲಿ

ಸಂಖ್ಯೆ: ಭಾ.ಬೀ.ತ./9/ಗೃಹಪಾಠ/ಗಂಭೀರ
ದಿನಾಂಕ: ಭಾನುವಾರ, ಎರಡನೇ ಕಾಫಿಯ ತರುವಾಯ

ವಿಷಯ: ಒಂಬತ್ತನೇ ತರಗತಿಯ ಬೀಜಗಣಿತ ವಿದ್ಯಾರ್ಥಿಗಳಿಂದ ನಿರೀಕ್ಷಿಸುವ ನಡತೆ, ಅಂಕ ನೀಡುವ ಕ್ರಮ ಹಾಗೂ ಅಪ್ಪಂದಿರ ನಿಯಂತ್ರಣ.

ಉಲ್ಲೇಖ:
1. ಕುಮಾರಿ ಗಾನವಿಯ ಗೃಹಪಾಠ ಪುಸ್ತಕ, ಪುಟ 14ರಿಂದ 31.
2. ಸದರಿ ಪುಸ್ತಕಕ್ಕೆ ಪೋಣಿಸಿದ್ದ, ಕಡತ ಕಟ್ಟುವ ಹಸಿರು ಟ್ಯಾಗ್ ದಾರ.
3. ವಿಜಯಮ್ಮನವರ ನಿಟ್ಟುಸಿರು (ದಿನಾಂಕ ನಮೂದಾಗಿಲ್ಲ).

ಪ್ರಸ್ತಾವನೆ:

ನಿವೃತ್ತ ಗಣಿತ ಶಿಕ್ಷಕಿ ವಿಜಯಮ್ಮನವರು ಕಾಲೋನಿಯ ಕನ್ನಡ ಮಕ್ಕಳಿಗಾಗಿ ನಡೆಸುವ ಈ ತರಗತಿಯಲ್ಲಿ ಹನ್ನೆರಡು ಮಂದಿ ದಾಖಲಾಗಿರುತ್ತಾರೆ. ಅವರಲ್ಲೊಬ್ಬಳಾದ ಗಾನವಿಯು ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಅಂಕ ಪಡೆದು, ಉತ್ತರಪತ್ರಿಕೆಯನ್ನು ಮನೆಯ ಚಪ್ಪಲಿ ಗೂಡಿನಲ್ಲಿ ಗೌಪ್ಯವಾಗಿ ಇರಿಸಿದ್ದು, ಮರುದಿನ ಬೆಳಿಗ್ಗೆ ಅದು ಆಕೆಯ ತಂದೆ, ಕೇಂದ್ರ ಸಚಿವಾಲಯವೊಂದರ ಸೆಕ್ಷನ್ ಆಫೀಸರ್ ಶ್ರೀ ಗೋಪಿನಾಥ ಅವರ ಎಡಗಾಲಿನ ಬೂಟಿನೊಳಗೆ ಪತ್ತೆಯಾಗಿರುತ್ತದೆ. ಆ ಕ್ಷಣದಲ್ಲಿ ಅವರಿಗೆ ನೋವಾಯಿತೆಂಬುದಕ್ಕೆ ಲಿಖಿತ ಪುರಾವೆ ಇಲ್ಲ. ಆದರೆ ಅವರು ಅಂದು ಒಂದೇ ಬೂಟು ಹಾಕಿಕೊಂಡು ಗೇಟಿನವರೆಗೆ ಹೋದದ್ದನ್ನು ತರಕಾರಿ ಭಯ್ಯಾ ಕಣ್ಣಾರೆ ಕಂಡಿರುತ್ತಾನೆ.

ಅಂದು ಸಂಜೆಯಿಂದ ಗಾನವಿಯ ಗೃಹಪಾಠಕ್ಕೆ ಕಳೆ ಬಂದಿತು. ಪ್ರತಿ ಲೆಕ್ಕಕ್ಕೂ ಸರಕಾರಿ ಕಡತದಂತೆ ಕಂಡಿಕೆ ಸಂಖ್ಯೆ. ಅಂಚಿನಲ್ಲಿ 'ಎ', 'ಬಿ' ಎಂಬ ಹಳದಿ ಚೀಟಿ. ಪ್ರತಿ ಹಂತದ ಕೆಳಗೆ ಕಿರುಸಹಿ. 3ಎಕ್ಸ್ + 7 = 22 ಎಂಬ ಸಮೀಕರಣವನ್ನು ಈ ಕೆಳಗಿನಂತೆ ಬಿಡಿಸಲಾಗಿತ್ತು:

"ಸದರಿ 7 ಅನ್ನು ಎಡಬದಿಯಿಂದ ಬಲಬದಿಗೆ ವರ್ಗಾಯಿಸಲಾಗಿದೆ. ವರ್ಗಾವಣೆಯಿಂದ ದರ್ಜೆ ಬದಲಾಗುವುದಿಲ್ಲವಾದ್ದರಿಂದ ಅದು ಅಲ್ಲಿಯೂ ಕೂಡು 7 ಆಗಿಯೇ ಮುಂದುವರಿಯುತ್ತದೆ. ಮೊತ್ತ 29. ಇದನ್ನು ಮೂರು ಭಾಗ ಮಾಡಲು ತೊಡಕಿರುವುದರಿಂದ ಎಕ್ಸ್ ಅನ್ನು ಸುಮಾರು 10 ಎಂದು ಪರಿಗಣಿಸಬಹುದೇ? ಆದೇಶಕ್ಕಾಗಿ ಮಂಡಿಸಿದೆ."

ಕೆಳಗೆ ಮೇಲಧಿಕಾರಿಯ ಆದೇಶಕ್ಕೆಂದು ಮೂರು ಬೆರಳಿನಷ್ಟು ಜಾಗ ಖಾಲಿ ಬಿಡಲಾಗಿತ್ತು.

ಗೃಹಪಾಠವನ್ನು ಬೇರೆಯವರಿಂದ ಬರೆಸಿದಲ್ಲಿ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯುವುದು ಈ ಘಟಕದ ಹಳೆಯ ನಿಯಮ. ಹಾಗೆ ತೆಗೆದರೆ ಗಾನವಿಗೆ ಮುಂದಿನ ಏಪ್ರಿಲ್‌ವರೆಗೆ ಇಲ್ಲಿ ಸ್ಥಾನವಿಲ್ಲ. ಆದ್ದರಿಂದ ಕಳೆದ ಭಾನುವಾರ ವಿಚಾರಣೆ ನಡೆಸಲಾಯಿತು. ಹೇಳಿಕೆಗಳು ಯಥಾವತ್ತಾಗಿ ಹೀಗಿವೆ:

ವಿಜಯಮ್ಮ: "ಇಪ್ಪತ್ನಾಲ್ಕು ವರ್ಷ ಸರ್ವೀಸ್ ಆಯ್ತಲ್ಲ ಗೋಪಿನಾಥ. ಒಂದು ಸಲವಾದ್ರೂ ಉತ್ತರ ಅಂತ ಬರ್ದಿದೀರಾ?"

ಗೋಪಿನಾಥ: "ಹೀಗಿರಬಹುದು ಅಂತ ಬರ್ದಿದೀನಿ ಮೇಡಂ. ಉತ್ತರ ಮೇಲಿನವರು ಬರೀತಾರೆ."

ಗಾನವಿ: "ಆ ಕಡೆ ಹೋದ್ರೆ ಮೈನಸ್ ಆಗತ್ತೆ ಅಂತ ನಂಗೆ ಎರಡನೇ ದಿನಾನೇ ಗೊತ್ತಾಯ್ತು ಆಂಟಿ. ಲೇಕಿನ್ ಅಪ್ಪ ಬರೀತಾ ಬರೀತಾ ಹಾಡ್ತಾ ಇದ್ರು. ತಡೆಯೋಕೆ ಮನಸ್ಸೇ ಬರ್ಲಿಲ್ಲ, ಸಚ್ಚೀ."

ಗೋಪಿನಾಥ: "ಮನೆಗೆ ಬಂದ್ರೆ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ರೂಮಿಗೆ ಹೋಗ್ಬಿಡ್ತಾಳೆ ಮೇಡಂ. ಈ ಲೆಕ್ಕದ ಅರ್ಧ ಗಂಟೆ ಮಾತ್ರ ನನ್ನ ಪಕ್ಕ ಕೂರೋದು."

ಇಷ್ಟು ಹೇಳಿ ಅವರು ಬಹಳ ಹೊತ್ತು ಫ್ಯಾನನ್ನೇ ನೋಡುತ್ತಿದ್ದರು. ಫ್ಯಾನ್ ಆಗ ತಿರುಗುತ್ತಿರಲಿಲ್ಲ ಎಂಬುದನ್ನು ಘಟಕವು ದಾಖಲಿಸಿಕೊಂಡಿದೆ.

ಮೇಲ್ಕಂಡ ಎಲ್ಲವನ್ನೂ ಪರಿಶೀಲಿಸಿ, ಸಂಬಂಧಪಟ್ಟ ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಎಕ್ಸ್‌ನ ಬೆಲೆ ಅಭಿಪ್ರಾಯದ ವಿಷಯವಲ್ಲ. ಅದನ್ನು ಬಹುಮತದಿಂದಾಗಲಿ, ಹಿರಿತನದ ಆಧಾರದಿಂದಾಗಲಿ, ಸಮನ್ವಯ ಸಭೆ ಕರೆದಾಗಲಿ ನಿರ್ಧರಿಸತಕ್ಕದ್ದಲ್ಲ.

2. ಸಮಚಿಹ್ನೆಯನ್ನು ದಾಟುವ ಪ್ರತಿ ಸಂಖ್ಯೆಯೂ ಕೂಡು ಇದ್ದರೆ ಕಳೆ, ಕಳೆ ಇದ್ದರೆ ಕೂಡು ಆಗತಕ್ಕದ್ದು. ಇದರ ವಿರುದ್ಧ ಸೇವಾ ನಿಯಮಗಳನ್ನು ಉಲ್ಲೇಖಿಸಿ ಮೇಲ್ಮನವಿ ಸಲ್ಲಿಸಲು ಅವಕಾಶವಿರುವುದಿಲ್ಲ. ವರ್ಗಾವಣೆ ಭತ್ಯೆಯೂ ಇರುವುದಿಲ್ಲ.

3. ಉತ್ತರದ ಜಾಗದಲ್ಲಿ 'ಆದೇಶಕ್ಕಾಗಿ', 'ಚರ್ಚಿಸಿ', 'ನೋಡಿದೆ' ಎಂದು ಬರೆದಲ್ಲಿ ಸೊನ್ನೆ. 'ನೋಡಿದೆ' ಎಂದು ಬರೆದು ನೋಡದೇ ಇದ್ದಲ್ಲಿ ಸೊನ್ನೆಗಿಂತ ಕಡಿಮೆ. ಋಣ ಸಂಖ್ಯೆಗಳ ಪಾಠಕ್ಕೆ ಇದನ್ನೇ ಉದಾಹರಣೆಯಾಗಿ ಬಳಸಲಾಗುವುದು.

4. ಒಟ್ಟು ನೂರು ಅಂಕಗಳಲ್ಲಿ ಕಿರುಪರೀಕ್ಷೆಗೆ ನಲವತ್ತು, ಹಂತಗಳಿಗೆ ಮೂವತ್ತು, ಗೃಹಪಾಠಕ್ಕೆ ಇಪ್ಪತ್ತು, ಗೊತ್ತಾಗದ್ದನ್ನು ಗೊತ್ತಾಗಲಿಲ್ಲವೆಂದು ಕೈಯೆತ್ತಿ ಹೇಳಿದ್ದಕ್ಕೆ ಹತ್ತು. ಸ್ವಂತವಾಗಿ ಮಾಡಿದ ತಪ್ಪು ಲೆಕ್ಕಕ್ಕೆ ಒಂದು ಅಂಕ ಖಚಿತ. ಅಪ್ಪ ಮಾಡಿದ ಲೆಕ್ಕ ಸರಿಯಿದ್ದರೂ ಅಂಕವಿಲ್ಲ. ತಪ್ಪಿದ್ದರೆ ಅಪ್ಪನಿಗೆ ಒಂದು ಅಂಕ.

5. ಹೊಗೆಮಂಜಿನ ಕಾರಣದಿಂದ ಹಲಗೆಯ ಮೇಲಿನ ಎಕ್ಸ್ ಕಾಣಿಸಲಿಲ್ಲ ಎಂಬ ವಿವರಣೆಯನ್ನು ನವೆಂಬರ್ ತಿಂಗಳಲ್ಲಿ ಮಾತ್ರ, ಅದೂ ಕಿಟಕಿಯ ಪಕ್ಕದವರಿಂದ ಮಾತ್ರ ಸ್ವೀಕರಿಸಲಾಗುವುದು.

6. ತರಕಾರಿ ಗಾಡಿ ಹಾದುಹೋಗುವಾಗ ಕಿಟಕಿ ಮುಚ್ಚತಕ್ಕದ್ದು. ಹಿಂದಿನ ಎರಡು ಪರೀಕ್ಷೆಗಳಲ್ಲಿ ಭಯ್ಯಾ ಹೊರಗಿನಿಂದಲೇ "ಪಾಂಚ್ ಹೈ, ಪಾಂಚ್" ಎಂದು ಸರಿಯುತ್ತರವಾದ ಐದನ್ನು ಕೂಗಿರುತ್ತಾನೆ. ಆತನು ಹಂತಗಳನ್ನು ತೋರಿಸದ ಕಾರಣ ಆತನಿಗೂ ಪೂರ್ಣ ಅಂಕ ನೀಡಿರುವುದಿಲ್ಲ.

7. ಗೃಹಪಾಠದ ವೇಳೆ ಪೋಷಕರು ಪಕ್ಕದಲ್ಲಿ ಕೂರಬಹುದು. ಎರಡೂ ಕೈಗಳಲ್ಲಿ ಕಾಫಿ ಲೋಟ ಹಿಡಿದಿರತಕ್ಕದ್ದು. ಲೆಕ್ಕವೊಂದಕ್ಕೆ ಎರಡು ನಿಟ್ಟುಸಿರು ಮೀರುವಂತಿಲ್ಲ. 'ನಮ್ಮ ಕಾಲದಲ್ಲಿ' ಎಂಬ ಪದಪುಂಜವನ್ನು ವಾರಕ್ಕೊಮ್ಮೆ ಬಳಸಬಹುದು. ಉಳಿಸಿದ್ದನ್ನು ಮುಂದಿನ ವಾರಕ್ಕೆ ಒಯ್ಯುವಂತಿಲ್ಲ. ಹಾಡಲು ಅಭ್ಯಂತರವಿಲ್ಲ.

ಆದೇಶ:

ವಿಚಾರಣೆಯ ದಿನವೇ ತಂದೆ-ಮಗಳಿಬ್ಬರನ್ನೂ ಕೋಣೆಯ ಎರಡು ಮೂಲೆಗಳಲ್ಲಿ ಕೂರಿಸಿ, ಕಿಟಕಿ ಮುಚ್ಚಿ, ಒಂದೇ ಪ್ರಶ್ನೆಪತ್ರಿಕೆ ಕೊಡಲಾಯಿತು. ಗಾನವಿಗೆ ಇಪ್ಪತ್ತಕ್ಕೆ ಹನ್ನೊಂದು ಬಂದಿದ್ದು, ಹನ್ನೊಂದೂ ಆಕೆಯದೇ ಕೈಬರಹದಲ್ಲಿವೆ. ಶ್ರೀ ಗೋಪಿನಾಥರು ಒಂಬತ್ತು ಪ್ರಶ್ನೆಗಳಲ್ಲಿ ಉತ್ತರದ ಜಾಗ ಖಾಲಿ ಬಿಟ್ಟಿದ್ದು, ಹತ್ತನೆಯದರಲ್ಲಿ ಪೆನ್ನನ್ನು ಮೂರು ಸಲ ಎತ್ತಿ ಮೂರು ಸಲ ಇಳಿಸಿ, ಕೊನೆಗೆ 'ಎಕ್ಸ್ = 4' ಎಂದು ಬರೆದಿರುತ್ತಾರೆ. ಯಾರ ಅನುಮೋದನೆಯನ್ನೂ ಕೋರಿರುವುದಿಲ್ಲ. ಉತ್ತರ ಸರಿಯಾಗಿತ್ತು. ಅಂಕ ಎರಡು.

ಆದ ಕಾರಣ ಗಾನವಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಯಥಾಸ್ಥಿತಿ ಮುಂದುವರಿಸಿದೆ. ಶ್ರೀ ಗೋಪಿನಾಥರ ಹೆಸರನ್ನು ಹದಿಮೂರನೇ ವಿದ್ಯಾರ್ಥಿಯಾಗಿ ಸೇರಿಸಿದೆ. ಅವರಿಗೆ ಪ್ರತಿ ಬುಧವಾರ ಸಂಜೆ ಅರ್ಧ ಗಂಟೆ ಮನೆಪಾಠ ಕಡ್ಡಾಯ. ಪಾಠ ಹೇಳುವ ಹೊಣೆ ಗಾನವಿಯದು, ಇಯರ್‌ಫೋನ್ ಇಲ್ಲದೆ. ಭಾಷೆ ಕನ್ನಡ, ಪದ ಸಿಗದಿದ್ದಲ್ಲಿ ಅಪ್ಪನನ್ನು ಕೇಳತಕ್ಕದ್ದು.

ಸಹಿ/-
ವಿಜಯಮ್ಮ
ನಿರ್ವಹಣಾ ಘಟಕದ ಮುಖ್ಯಸ್ಥರು, ಏಕೈಕ ಸದಸ್ಯರು ಹಾಗೂ ಕಾಫಿ ಸರಬರಾಜುದಾರರು

ಪ್ರತಿಗಳು:
1. ಶ್ರೀಮತಿ ವಾಸಂತಿ, ಗಾನವಿಯ ತಾಯಿ: ಬುಧವಾರ ಸಂಜೆ ಊಟದ ಮೇಜಿನಿಂದ ಸುಲಿಯಲಿಟ್ಟ ಬಟಾಣಿ ತೆರವುಗೊಳಿಸುವ ಸಲುವಾಗಿ.
2. ತರಕಾರಿ ಭಯ್ಯಾ: ಓದಿ ಹೇಳಲಾಗಿದೆ. "ಅಚ್ಛಾ" ಎಂದಿರುತ್ತಾನೆ.
3. ಚಪ್ಪಲಿ ಗೂಡು: ಇನ್ನು ಮುಂದೆ ಯಾವುದೇ ಉತ್ತರಪತ್ರಿಕೆಯನ್ನು ಸ್ವೀಕರಿಸದಿರಲು.
4. ಶ್ರೀ ಗೋಪಿನಾಥ, ವಿದ್ಯಾರ್ಥಿ: ಇಪ್ಪತ್ತಕ್ಕೆ ಎರಡು ಅಂಕದ ಉತ್ತರಪತ್ರಿಕೆ ಲಗತ್ತಿಸಿದೆ. ಪೋಷಕರ ಸಹಿ ಪಡೆದು ಮುಂದಿನ ಭಾನುವಾರ ಹಿಂದಿರುಗಿಸತಕ್ಕದ್ದು.
5. ಕುಮಾರಿ ಗಾನವಿ, ಮೇಲ್ಕಂಡ ವಿದ್ಯಾರ್ಥಿಯ ಪೋಷಕರು: ಸಹಿ ಮಾಡುವ ಸಲುವಾಗಿ. ಬೈಯಬಾರದು.