ಮಿಕ್ಸಿ ಕಂಪನಿಯ ಒಡತಿ

ಇನ್ನು ಮುಂದೆ ಈ ನಾಣಿ ಬರೀ ಸಂಬಳದ ನಾಣಿಯಲ್ಲ, ಹೂಡಿಕೆದಾರ ನಾಣಿ! ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ, ಮುಲುಂಡಿನ ನಮ್ಮ ಫ್ಲಾಟಿನಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು. ಲೋಕಲ್ ಟ್ರೇನಿನಲ್ಲಿ ಒಂಟಿಕಾಲಲ್ಲಿ ನಿಂತು, ತಿಂಗಳುಗಟ್ಟಲೆ ವಿಡಿಯೋ ನೋಡಿ ಪಡೆದ ಜ್ಞಾನ ಸ್ವಾಮಿ, ತಮಾಷೆಯಲ್ಲ!

"ನೂರು ಬೆಲೆಬಾಳೋ ಶೇರು ಅರವತ್ತಕ್ಕೆ ಸಿಕ್ಕಾಗ ಕೊಳ್ಳಬೇಕು. ಆಮೇಲೆ ಬಾಯಿ ಮುಚ್ಕೊಂಡು ವರ್ಷಗಟ್ಟಲೆ ಕಾಯಬೇಕು. ತಾಳ್ಮೆಯೇ ಬಂಡವಾಳ!" ಎಂದು ಹೆಂಡತಿ ವನಮಾಲಾಗೆ ಉಪದೇಶ ಮಾಡಿದೆ.

"ಕೊತ್ತಂಬರಿ ಸೊಪ್ಪಿನವಳ ಹತ್ರ ನಾನು ದಿನಾ ಮಾಡೋದು ಅದೇ ಅಲ್ವಾ? ಬಾಯಿ ಮುಚ್ಕೊಂಡು ಮಾತ್ರ ಅಲ್ಲ," ಎಂದಳು. "ಸರಿ, ದುಡ್ಡೆಲ್ಲಿದೆ?"

ದುಡ್ಡಿತ್ತು. ಹೊಸ ಮಿಕ್ಸಿಗೆಂದು ಅವಳು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದು!

"ಮಿಕ್ಸಿ ಯಾಕೆ ಕೊಳ್ತೀಯೇ? ಮಿಕ್ಸಿ ಕಂಪನಿಗೇ ಒಡತಿಯಾಗು! ಶೇರು ನಿನ್ನ ಹೆಸರಲ್ಲೇ ಇರಲಿ. ಮನೆ ಲಕ್ಷ್ಮಿ ಹೆಸರಿದ್ರೆ ಏರೋದು ಗ್ಯಾರಂಟಿ!"

"ಹಳೇ ಮಿಕ್ಸಿ ಹೊಗೆ ಬಿಟ್ಟು ಸತ್ತಿದೆ. ಚಟ್ನಿ ಯಾರ್ರೀ ಅರೀತಾರೆ?"

"ಶೇರು ಎರಡು ಪಟ್ಟಾಗೋವರೆಗೂ ನಾನೇ ಅರೀತೀನಿ, ಒರಳಲ್ಲಿ!" ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಡಬ್ಬಿ ಖಾಲಿಯಾಗಿ ಅವಳ ಹೆಸರಿಗೆ ಶೇರು ಬಂತು; ಬಾಲ್ಕನಿಯಲ್ಲಿ ತುಳಸಿ ಕುಂಡ ಹೊತ್ತು ನಿಂತಿದ್ದ ಅಮ್ಮನ ಕಾಲದ ಒರಳು ಅಡುಗೆಮನೆಗೆ ಬಂತು. ಮಾರನೇ ಬೆಳಿಗ್ಗೆ ಶುರು, ಗಡಗಡ ಗಡಗಡ! ತೆಂಗಿನಕಾಯಿ ನುಣ್ಣಗಾಗೋ ಮೊದಲು ನನ್ನ ರಟ್ಟೆ ನುಣ್ಣಗಾಯಿತು. ಅಷ್ಟರಲ್ಲಿ ಬೆಲ್ ಆಯಿತು. ಕೆಳಗಿನ ಮನೆಯ ಮೋನಪ್ಪ, ನಮ್ಮ ಸೊಸೈಟಿ ಸೆಕ್ರೆಟರಿ, ಹಲ್ಲುಜ್ಜುವ ಬ್ರಷ್ ಹಿಡಿದೇ ಬಂದಿದ್ದರು.

"ಎಂಥದು ಮಾರಾಯ್ರೆ, ಗೋಡೆ ಒಡೆಸ್ತಿದ್ದೀರಾ? ರಿನೋವೇಶನ್‌ಗೆ ಪರ್ಮಿಶನ್ ಉಂಟಾ?"

"ಚಟ್ನಿ ಸಾರ್!"

"ಚಟ್ನಿಯಾ? ನಮ್ಮ ಮನೆ ಫ್ಯಾನು ಅಲ್ಲಾಡ್ತಾ ಉಂಟು!"

ವಾರ ಕಳೆಯೋದ್ರಲ್ಲಿ ಲಿಫ್ಟಿನ ಪಕ್ಕ ನೋಟಿಸ್ ಬಿತ್ತು: ಬೆಳಗಿನ ಹೊತ್ತು ಚಟ್ನಿ ಅರೆಯತಕ್ಕದ್ದಲ್ಲ! ಸರಿ, ಸಂಜೆ ಲೋಕಲ್ಲಿನಲ್ಲಿ ಜಜ್ಜಿಸಿಕೊಂಡು ಬಂದು, ಶರ್ಟು ಬಿಚ್ಚೋ ಮೊದಲೇ ಒರಳಿನ ಮುಂದೆ ಕೂರತೊಡಗಿದೆ. ಕೈ ಎತ್ತಿ ಟ್ರೇನಿನ ಹಿಡಿಕೆ ಹಿಡಿಯಲೂ ಆಗದ ಸ್ಥಿತಿ ಬಂತು. ಶೇರು? ಅದೂ ಗುಂಡುಕಲ್ಲಿನ ಹಾಗೆ ಇದ್ದಲ್ಲೇ ಸುತ್ತುತ್ತಿತ್ತು!

ಕಡೆಗೊಂದು ಉಪಾಯ ಹೊಳೆಯಿತು. ಫೋರ್ಟ್ ಏರಿಯಾದಲ್ಲಿ ಕಂಪನಿಯ ಶೇರುದಾರರ ವಾರ್ಷಿಕ ಸಭೆ. ಅಲ್ಲಿ ಚೇರ್ಮನ್ನರಿಗೆ ಪ್ರಶ್ನೆಗಳ ಸುರಿಮಳೆಗರೆದು, ಕಂಪನಿ ಸರಿಯಿಲ್ಲ ಎಂದು ಸಾಬೀತು ಮಾಡಿ, ಶೇರು ಮಾರಿ, ಮಿಕ್ಸಿ ತರೋದು! ತಿಂಡಿ ಪ್ಯಾಕೆಟ್ ಸಿಗುತ್ತೆ ಎಂದು ಆಸೆ ಹುಟ್ಟಿಸಿ ವನಮಾಲಾಳನ್ನೂ ಕರೆದೊಯ್ದೆ.

ಬಾಗಿಲಲ್ಲೇ ತಡೆದರು.

"ಶೇರ್ ಕಿಸ್‌ಕೇ ನಾಮ್ ಪೇ ಹೈ?"

"ಮಿಸೆಸ್ ಕೇ."

"ಮೇಡಮ್ ಅಂದರ್. ಆಪ್ ಬಾಹರ್!"

ಶೇರು ಅವಳ ಹೆಸರಲ್ಲಿ, ಹಾಗಾಗಿ ಅವಳು ಒಳಗೆ, ನಾನು ಹೊರಗೆ! ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು ಎದುರಿನ ಉಡುಪಿ ಹೋಟೆಲಿನಲ್ಲಿ ಕಾಫಿ ಮೇಲೆ ಕಾಫಿ ಕುಡಿದೆ. ಅಂತೂ ಬಂದಳು! ಕೈಯಲ್ಲಿ ಸಮೋಸಾ ಪ್ಯಾಕೆಟ್, ಮುಖದಲ್ಲಿ ಸಾಕ್ಷಾತ್ ಒಡತಿಯ ಕಳೆ.

"ಮೈಕ್ ಹಿಡಿದು ಚೇರ್ಮನ್ನರನ್ನೇ ಹಿಂದೀಲಿ ಕೇಳೇಬಿಟ್ಟೆ ಕಣ್ರೀ! ನಿಮ್ಮ ಮಿಕ್ಸಿಗಿಟ್ಟ ದುಡ್ಡಲ್ಲಿ ನನ್ನ ಗಂಡ ನಿಮ್ಮ ಶೇರು ಕೊಂಡ್ರು. ಎಲ್ಲ ಗಂಡಂದಿರೂ ಹೀಗೇ ಮಾಡಿದ್ರೆ ನಿಮ್ಮ ಮಿಕ್ಸಿ ಕೊಳ್ಳೋರು ಯಾರು ಅಂತ! ಏನು ಚಪ್ಪಾಳೆ ಅಂತೀರಾ!"

ನನಗೆ ಕುಣಿಯುವಷ್ಟು ಖುಷಿ! "ನೋಡಿದ್ಯಾ, ಕಂಪನಿ ಮುಳುಗುತ್ತೆ! ನಿನ್ನ ಫೋನ್ ಕೊಡು, ಓಟಿಪಿ ಬರುತ್ತೆ, ಈಗಲೇ ಮಾರಿ ಮಿಕ್ಸಿ ಅಂಗಡಿಗೆ ಹೋಗೋಣ!"

ಅವಳು ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.

"ಮಾರೋದಾ? ಕಂಪನಿಗೆ ಸಾಲ ಇಲ್ಲ, ಒಳ್ಳೇ ಲಾಭ ಇದೆ, ಚೇರ್ಮನ್ ಕೂಡ ಪಾಪ ನಕ್ಕೊಂಡೇ ಉತ್ತರ ಕೊಟ್ರು. ಬಂಗಾರದಂಥ ಕಂಪನಿ! ಎರಡು ಪಟ್ಟಾಗೋಕೆ ಏಳೆಂಟು ವರ್ಷ ಬೇಕಾಗಬಹುದು ಅಂದ್ರು ಪಕ್ಕದಲ್ಲಿ ಕೂತಿದ್ದ ಆಂಟಿ."

"ಏಳೆಂಟು ವರ್ಷವಾ! ಅಯ್ಯೋ, ನನ್ನ ರಟ್ಟೆ ಗತಿ ಏನೇ..."

ಮಾತು ಮುಗಿಯೋ ಮೊದಲೇ ಅರ್ಧ ಸಮೋಸಾ ನನ್ನ ಬಾಯಿಗೆ ತುರುಕಿದಳು.

"ಬಾಯಿ ಮುಚ್ಕೊಂಡು ಕಾಯಬೇಕು ರೀ! ಏಳಿ, ಹೋಗ್ತಾ ತೆಂಗಿನಕಾಯಿ ತಗೊಳ್ಳೋಣ."