ಮೈನಸ್ ಐದಕ್ಕೆ ತೋಡಿದ ಗುಂಡಿ

ಆಟ ಆಡಿಸಿ ಗಣಿತ ಕಲಿಸಿ ಎಂದು ತರಬೇತಿಯಲ್ಲಿ ಹೇಳಿದರು. ಅಂದಿನಿಂದ ಹರಪನಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂಬುದೇ ನನಗೆ ತಿಳಿಯದಾಗಿದೆ. ವಾರಕ್ಕೊಂದು ಪಜೀತಿ ತಪ್ಪಿದ್ದಲ್ಲ.

ಮೆಟ್ಟಿಲು

ಧನ, ಋಣ ಸಂಖ್ಯೆಗಳ ಆಟ. ವರಾಂಡ ಸೊನ್ನೆ. ದಾಳದಲ್ಲಿ ಪ್ಲಸ್ ಬಿದ್ದರೆ ಮಾಳಿಗೆಯ ಮೆಟ್ಟಿಲು ಹತ್ತಬೇಕು, ಮೈನಸ್ ಬಿದ್ದರೆ ಅಂಗಳದ ಕಡೆ ಇಳಿಯಬೇಕು. ಒಬ್ಬ ಹುಡುಗಿಗೆ ಮೈನಸ್ ಐದು ಬಂತು. ಅಂಗಳಕ್ಕೆ ಇರುವುದು ಮೂರೇ ಮೆಟ್ಟಿಲು. ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವಳು ಕೈತೋಟದ ಸಲಿಕೆ ತಂದು ಅಗೆಯತೊಡಗಿದಳು.

"ಇನ್ನ ಎರಡು ಮೆಟ್ಲು ಕೆಳಗ ಹೋಗಬೇಕಲ್ರಿ ಟೀಚರ್!"

ಹೆಡ್‌ಮಾಸ್ತರು ಗುಂಡಿ ನೋಡಿದರು. "ಶುಕ್ರವಾರ ಸಾಹೇಬ್ರು ತಪಾಸಣಿಗೆ ಬರ್ತಾರ. ಅವರು ಒಪ್ಪಲಿಲ್ಲಂದ್ರ ಆಟ ಬಂದ್, ಮಗ್ಗಿ ಶುರು. ಅಲ್ಲೀತನಕ ನೀರು ಬಿದ್ರ ಹೇಳ್ರಿ."

ಬೆಲ್ಲ

ನನಗೆ ನಿಜಕ್ಕೂ ಭಯವಾಯಿತು. ಆಟದ ಆಸೆಗೆ ಬರತೊಡಗಿದ್ದ ಮಕ್ಕಳು ಮತ್ತೆ ಕುರಿ ಹಿಂದೆ ಹೋದರೆ? ಇನ್ನೂ ಒಳ್ಳೆಯ ಆಟ ಬೇಕೆಂದು ಅಂಗಳದಲ್ಲಿ ಸುಣ್ಣದಿಂದ ಚೌಕಗಳನ್ನೆಳೆದು, ಒಂದರಲ್ಲಿ ಬೆಲ್ಲ ಹೂತಿಟ್ಟೆ. ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಲೆಕ್ಕ ಬಿಡಿಸಿದರೆ ಜಾಗ ಸಿಗುತ್ತದೆ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರೆ ಇಡೀ ಕ್ಲಾಸು ಅಂಗಳದಲ್ಲಿ ಬೆಲ್ಲ ತಿನ್ನುತ್ತಿತ್ತು.

"ಲೆಕ್ಕ ಬಿಡಿಸದ ಹೆಂಗ ಸಿಕ್ತು?"

"ಇರುವಿ ಸಾಲು ಹಿಡ್ಕಂಡು ಹೋದ್ವಿ ಟೀಚರ್."

ವಿಧಾನ ತಪ್ಪು, ಉತ್ತರ ಸರಿ. ಅಂಕವನ್ನು ಮಕ್ಕಳಿಗೆ ಕೊಡಲೋ, ಇರುವೆಗಳಿಗೆ ಕೊಡಲೋ?

ನಾಣ್ಯ

ಶುಕ್ರವಾರ ಸಾಹೇಬರು ಬಂದವರೇ ಒಂದು ನಾಣ್ಯ ತೆಗೆದರು. "ಇದನ್ನ ಚಿಮ್ಮಿದ್ರ ಹೆಡ್ ಬೀಳೋ ಸಂಭವನೀಯತೆ ಎಷ್ಟು?"

ಗುಂಡಿ ತೋಡಿದ ಹುಡುಗಿಯೇ ಎದ್ದಳು. "ಏನು ಕೇಳ್ಕಂಡು ಚಿಮ್ತೀರಿ ಸರ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಸುಮ್ನ ಚಿಮ್ಮಿದ್ರ ಅರ್ಧಕ್ಕರ್ಧ ಸರ. ಕೇಳ್ಕಂಡು ಚಿಮ್ಮಿದ್ರ ಊರಮ್ಮನ ಮನಸು. ಗುಡ್ಯಾಗ ಹೂ ಕೇಳಂಗಿಲ್ಲೇನ್ರಿ? ಬಲಕ್ಕ ಬಿದ್ರ ಆಗತೈತಿ, ಎಡಕ್ಕ ಬಿದ್ರ ಇಲ್ಲ."

ಮುಗಿಯಿತು, ಇನ್ನು ಮಗ್ಗಿಯೇ ಗತಿ ಎಂದುಕೊಂಡೆ. ಸಾಹೇಬರು ಕಣ್ಣು ಮುಚ್ಚಿದರು. "ಹೆಡ್ ಬಿದ್ರ ನನ್ನ ವರ್ಗಾವಣಿ ಆಗತೈತಿ" ಎಂದು ಗೊಣಗಿ ಚಿಮ್ಮಿದರು. ಟೇಲ್ ಬಿತ್ತು. ಪಾಪ, ಮುಖ ಸಣ್ಣದಾಯಿತು. ಇನ್ನೊಮ್ಮೆ ಚಿಮ್ಮಲು ಹೋದರೆ ಹುಡುಗಿ ಬಿಡಲಿಲ್ಲ.

"ಒಂದು ಶುಕ್ರವಾರಕ್ಕ ಒಂದೇ ಸಲ ಕೇಳಬೇಕ್ರಿ ಸರ. ಅಮ್ಮ ಸಿಟ್ಟಾಗ್ತಾಳ. ಮುಂದಿನ ಶುಕ್ರವಾರ ಬರ್ರಿ."

ಸಾಹೇಬರು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದರು. ಜೀಪು ಹತ್ತುವಾಗ ಹೆಡ್‌ಮಾಸ್ತರಿಗೆ ಹೇಳಿದರು: "ಆಟ ಮಾತ್ರ ನಿಲ್ಲಿಸಬ್ಯಾಡ್ರಿ. ಶುಕ್ರವಾರ ನಾನು ಬರ್ತೀನಿ."